ವಿಜಯಪುರದ ಓಣಿಗಳ ನಡುವೆ ನಿಂತಿರುವ ಆ ಚೌಕ ಗೋಪುರಗಳು ಯಾವುವು?

ಹೊಸಪೇಟೆಹುಡುಗ:
ಕೆಲಸಕ್ಕೆಂದು ಇತ್ತೀಚೆಗೆ ವಿಜಯಪುರಕ್ಕೆ ಬಂದಿದ್ದೇನೆ. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್ ಎಲ್ಲ ನೋಡಿ ಆಯ್ತು. ಆದರೆ ಹಳೇ ಊರಲ್ಲಿ ಓಡಾಡುವಾಗ ಅಲ್ಲಲ್ಲಿ ಮನೆಗಳ ನಡುವೆ ಚೌಕಾಕಾರದ, ಎತ್ತರದ, ಹಳೇ ಗೋಪುರಗಳು ಕಾಣುತ್ತವೆ. ಬೋರ್ಡು ಇಲ್ಲ. ಕೋಟೆ ಗೋಡೆಯಿಂದ ದೂರ ಇವೆ, ಹಾಗಾಗಿ ಕಾವಲಿನ ಬುರುಜು ಅನ್ನಿಸಲಿಲ್ಲ. ಗೊತ್ತಿದ್ದವರು ಹೇಳಿ.

ನೀರಗಂಟಿ:
ಅವು ಗಂಜ್ ರೀ. ಆದಿಲ್‌ಶಾಹಿ ಕಾಲದ ನೀರಿನ ಗೋಪುರಗಳು. ಕೇಳಿದ್ದು ಬಹಳ ಒಳ್ಳೆಯದಾಯ್ತು, ನಮ್ಮೂರಿನವರೇ ಇವುಗಳ ಮುಂದೆ ಸುಮ್ನೆ ಹಾದು ಹೋಗುತ್ತಾರೆ.

ಇದು ಮಳೆ ಕಡಿಮೆ ಇರುವ ಸೀಮೆ. ಅಷ್ಟು ದೊಡ್ಡ ರಾಜಧಾನಿಗೆ ನೀರು ಬೇಕಲ್ವಾ? ಪಶ್ಚಿಮದ ತೊರವಿಯಿಂದ ಒಂದು ದಾರಿ, ದಕ್ಷಿಣದ ಬೇಗಂ ತಾಲಾಬಿನಿಂದ ಇನ್ನೊಂದು. ಈ ಕೆರೆ ಮೊಹಮ್ಮದ್ ಆದಿಲ್‌ಶಾಹ 1651ರಲ್ಲಿ ಕಟ್ಟಿಸಿದ್ದು. ಅಲ್ಲಿಂದ ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಕೂರಿಸಿ ನೆಲದೊಳಗೇ ಊರಿಗೆ ತಂದಿದ್ದರು. ಎತ್ತರದಿಂದ ಇಳಿದು ಬರುವ ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದು ಅಂತ ದಾರಿಯಲ್ಲಿ ಗಂಜ್ ಕಟ್ಟಿದರು. ನೀರು ಗೋಪುರದೊಳಗೆ ಮೇಲೇರುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಮಣ್ಣು ತಳಕ್ಕೆ ಕೂರುತ್ತದೆ, ಆಮೇಲೆ ಇನ್ನೊಂದು ಕೊಳವೆಯಲ್ಲಿ ಮುಂದಿನ ಓಣಿಗೆ ಹೋಗುತ್ತದೆ. ಪಂಪು ಇಲ್ಲ, ಮೋಟಾರ್ ಇಲ್ಲ, ಬರೀ ನೆಲದ ಇಳಿಜಾರು.

ತೊರವಿಯದು ಇನ್ನೂ ಸೋಜಿಗ. ಅಲ್ಲಿ ಸುರಂಗ ಬಾವಡಿ ಇದೆ. ನೆಲದೊಳಗೆ ಸುರಂಗ ತೋಡಿ, ನಡುನಡುವೆ ಗಾಳಿ ಆಡಲು, ಹೂಳು ತೆಗೆಯಲು ಬಾವಿಯಂಥ ಕಿಂಡಿಗಳನ್ನು ಬಿಟ್ಟಿದ್ದಾರೆ. ಇರಾನಿನಲ್ಲಿ ಈ ವಿಧಾನ ಬಹಳ ಹಳೆಯದು. ಬೀದರ್‌ನಲ್ಲೂ ಇದೆ, ಅಲ್ಲಿ ಕರೇಜ್ ಅನ್ನುತ್ತಾರೆ. ನನ್ನನ್ನು ಕೇಳಿದರೆ ಗುಮ್ಮಟಕ್ಕಿಂತ ಇದೇ ದೊಡ್ಡ ಕೆಲಸ. ಗುಮ್ಮಟ ಒಬ್ಬ ಸುಲ್ತಾನನ ಗೋರಿ, ಈ ನೀರು ಕುಡಿದದ್ದು ಇಡೀ ಊರು.

ಕಲಾದಗಿಯವ:
ನೀರಗಂಟಿ ಅಣ್ಣ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಇನ್ನೊಂದು ವಿಚಿತ್ರ ಸೇರಿಸುತ್ತೇನೆ. ಮೊದಲು ಜಿಲ್ಲಾ ಕೇಂದ್ರ ನಮ್ಮ ಕಲಾದಗಿಯಲ್ಲಿ ಇತ್ತು, 1885ರ ಹೊತ್ತಿಗೆ ವಿಜಯಪುರಕ್ಕೆ ಹೋಯಿತು. ಬ್ರಿಟಿಷರು ಆಫೀಸಿಗೆ ಹೊಸ ಕಟ್ಟಡ ಕಟ್ಟುವ ಬದಲು ಹಳೇ ಮಹಲು, ಮಸೀದಿ, ಗೋರಿಗಳನ್ನೇ ಬಳಸಿಕೊಂಡರು. ಬುಖಾರಿ ಮಸೀದಿ ಅಂಚೆ ಕಚೇರಿಯಾಯಿತು. ಜೋಡ ಗುಮ್ಮಟದ ಒಂದು ಗೋರಿಯಲ್ಲಿ ಸರ್ಕಾರಿ ಇಂಜಿನಿಯರ್ ವಾಸ ಮಾಡುತ್ತಿದ್ದರು!

ಮಲಿಕ್-ಎ-ಮೈದಾನ್ ತೋಪು ನೋಡಿದ್ದೀರಲ್ವಾ? 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. 1854ರಲ್ಲಿ ಅದನ್ನು ಬ್ರಿಟಿಷರು ಹರಾಜಿಗೆ ಹಾಕಿದರು. ಹೋದ ಬೆಲೆ 150 ರೂಪಾಯಿ. ಆಮೇಲೆ ಹರಾಜು ರದ್ದಾಯಿತು, ಅದಕ್ಕೇ ತೋಪು ಇನ್ನೂ ಬುರುಜಿನ ಮೇಲಿದೆ. ಇದನ್ನು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ ನನಗೆ.

ಹೊಸಪೇಟೆಹುಡುಗ:
ಇಬ್ಬರಿಗೂ ಧನ್ಯವಾದ. ತೊರವಿಗೆ ಭಾನುವಾರ ಹೋಗಬಹುದಾ? ಅಲ್ಲಿ ಬೇರೇನಿದೆ?

ಗುಮ್ಮಟದಅಕ್ಕ:
ಖಂಡಿತ ಹೋಗಿ ತಮ್ಮಾ. ಅಲ್ಲೇ ಹತ್ತಿರ ನವರಸಪುರದ ಅವಶೇಷ ಇದೆ, ಅದನ್ನು ಬಿಡಬೇಡಿ. ಎರಡನೇ ಇಬ್ರಾಹಿಂ ಆದಿಲ್‌ಶಾಹ ಸಂಗೀತದ ಹುಚ್ಚು ಹಿಡಿಸಿಕೊಂಡಿದ್ದವನು. 1599ರಲ್ಲಿ ಅಲ್ಲಿ ಹೊಸ ಪಟ್ಟಣವನ್ನೇ ಕಟ್ಟಲು ಶುರು ಮಾಡಿದ. 1624ರಲ್ಲಿ ಅಹ್ಮದ್‌ನಗರದ ಸೇನಾಪತಿ ಮಲಿಕ್ ಅಂಬರ್ ದಾಳಿ ಮಾಡಿ ಹಾಳುಗೆಡವಿದ, ಆಮೇಲೆ ಅದು ಏಳಲೇ ಇಲ್ಲ. ಸಂಗೀತ ಮಹಲಿನ ಕಮಾನುಗಳು ಇನ್ನೂ ಉಳಿದಿವೆ.

ಸುರಂಗದ ಒಳಗೆ ಒಬ್ಬರೇ ಇಳಿಯಬೇಡಿ, ಊರಿನವರನ್ನು ಕೇಳಿಕೊಂಡು ಮೇಲಿನಿಂದಲೇ ನೋಡಿ. ಬೆಳಿಗ್ಗೆ ಬೇಗ ಹೊರಡಿ, ಬಿಸಿಲು ಜಾಸ್ತಿ. ವಾಪಸ್ ಬರುವಾಗ ತಾಜ್ ಬಾವಡಿಗೂ ಹೋಗಿ, ಅದು 1620ರ ಮೆಟ್ಟಿಲುಬಾವಿ. ದೊಡ್ಡ ಕಮಾನಿನ ಕೆಳಗೆ ಮೆಟ್ಟಿಲ ಮೇಲೆ ನಿಂತರೆ, ಈ ಊರಿನವರು ನೀರಿಗೆ ಎಷ್ಟು ಮರ್ಯಾದೆ ಕೊಟ್ಟಿದ್ದರು ಅಂತ ಗೊತ್ತಾಗುತ್ತದೆ. ನೀವು ಗಂಜ್‌ಗಳ ಫೋಟೋ ತೆಗೆದರೆ ಯಾವ ಓಣಿ ಅಂತ ಬರೆದು ಇಲ್ಲಿ ಹಾಕಿ, ನಾವೂ ನಮ್ಮ ಕಡೆಯವನ್ನು ಸೇರಿಸುತ್ತೇವೆ.