ಕಾರ್ ಶೆಡ್ ನೆಲ ಮನೆಗಿಂತ 14 ಇಂಚು ತಗ್ಗು, ಎಷ್ಟು ಎತ್ತರಿಸಬೇಕು?

ಪ್ರಶ್ನೆ (ಮಡಿಕೇರಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಇಳಿಜಾರಿನ ಜಾಗದಲ್ಲಿದೆ, ಪಕ್ಕಕ್ಕೆ ಅಂಟಿಕೊಂಡೇ ಕಾರ್ ಶೆಡ್. ನನ್ನ ಅವ್ವ ಈಗ ನಮ್ಮ ಜೊತೆಗೇ ಇದ್ದಾರೆ. ಮಂಡಿನೋವು ಜಾಸ್ತಿ, ಮಹಡಿ ಹತ್ತಲು ಆಗುವುದಿಲ್ಲ. ಕೆಳಗೆ ಬೇರೆ ಕೋಣೆ ಇಲ್ಲ. ಶೆಡ್ಡನ್ನೇ ಅವರಿಗೆ ಕೋಣೆ ಮಾಡಿ, ಮೂಲೆಯಲ್ಲಿ ಟಾಯ್ಲೆಟ್ ಕಟ್ಟಿಸಬೇಕು ಅಂತಿದ್ದೇವೆ. ಕಾರು ಹೊರಗೆ ನಿಂತರೂ ಪರವಾಗಿಲ್ಲ.

ತೊಂದರೆ ಇರುವುದು ನೆಲದ್ದು. ಹಾಲ್‌ನ ಬಾಗಿಲಿಂದ ಎರಡು ಮೆಟ್ಟಿಲು ಇಳಿಯಬೇಕು, ಒಟ್ಟು 14 ಇಂಚು. ಅಲ್ಲಿಂದ ಶಟರ್ ಕಡೆಗೆ ಇನ್ನೂ 3 ಇಂಚು ಇಳಿಜಾರು. ಬಾಗಿಲ ಹತ್ತಿರ ನೆಲದಿಂದ ಸ್ಲ್ಯಾಬ್‌ಗೆ 9 ಅಡಿ 10 ಇಂಚು. ರಸ್ತೆಯಿಂದ ಬರುವ ದಾರಿಯ ನೀರೆಲ್ಲ ಶಟರ್ ಮುಂದೆ ಬಂದು ನಿಲ್ಲುತ್ತದೆ.

ತೋಟದ ಕೆಂಪು ಮಣ್ಣು ತುಂಬಿಸಿ ಮನೆ ಲೆವೆಲ್‌ಗೆ ತಂದುಬಿಡೋಣ ಅಂತಾರೆ ಮೇಸ್ತ್ರಿ. ನಮ್ಮ ಯಜಮಾನರಿಗೆ ಮರದ ಪಟ್ಟಿ ಕೂರಿಸಿ ಮೇಲೆ ಪ್ಲೈವುಡ್ ಹಾಕಿಸುವ ಆಸೆ. ನನ್ನ ಚಿಂತೆ ಮಳೆಗಾಲದ್ದು. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು) ಆ ನೆಲ ಬೆವರುತ್ತದೆ, ಹಿಂದಿನ ಗೋಡೆ ಒಂದಡಿ ಎತ್ತರಕ್ಕೆ ಒದ್ದೆ. ಅವ್ವ ವರ್ಷವಿಡೀ ಅಲ್ಲೇ ಮಲಗಬೇಕು. ಕೋಣೆ ಒಣಗಿರಬೇಕು, ಬೆಚ್ಚಗಿರಬೇಕು. ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ.

ಉತ್ತರ (ಕುಶಾಲನಗರ, ಸಿವಿಲ್ ಕೆಲಸ)

ಮೇಡಂ, ಪೂರ್ತಿ 14 ಇಂಚು ತುಂಬಿಸಬೇಡಿ. ಆಗ ಸ್ಲ್ಯಾಬ್‌ಗೆ ಉಳಿಯುವುದು 8 ಅಡಿ 8 ಇಂಚು, ಸುಮಾರು 2.64 ಮೀಟರ್. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ವಾಸದ ಕೋಣೆಗೆ ಕನಿಷ್ಠ 2.75 ಮೀಟರ್ ಬೇಕು. 7 ಇಂಚು ಎತ್ತರಿಸಿ. 9 ಅಡಿ 3 ಇಂಚು ಸಿಗುತ್ತದೆ, ಬಾಗಿಲಲ್ಲಿ ಒಂದೇ ಮೆಟ್ಟಿಲು ಉಳಿಯುತ್ತದೆ. ಪಕ್ಕದ ಗೋಡೆಗೆ ಗಟ್ಟಿ ಹಿಡಿಕೆ ಹಾಕಿಸಿ. ಮುಂದೆ ವ್ಹೀಲ್‌ಚೇರ್ ಬೇಕಾಯಿತು ಅನ್ನಿ, ಇಂಚಿಗೆ ಒಂದಡಿ ಲೆಕ್ಕದಲ್ಲಿ 7 ಅಡಿ ರ‍್ಯಾಂಪ್ ಸಾಕು. ಈಗಿರುವ ತಗ್ಗಿಗಾದರೆ 14 ಅಡಿ ಬೇಕು, ಶೆಡ್ಡೇ ಮುಗಿದುಹೋಗುತ್ತದೆ.

ಈ 7 ಇಂಚು ಟೈಲ್ಸ್ ಸೇರಿಸಿದ ಲೆಕ್ಕ. ಮೇಸ್ತ್ರಿಗೆ ಬಿಡಿಸಿ ಹೇಳಿ, ಇಲ್ಲದಿದ್ದರೆ ಕೊನೆಗೆ ಮೆಟ್ಟಿಲಿನ ಎತ್ತರ ಕೆಡುತ್ತದೆ.

ತೋಟದ ಮಣ್ಣು ಬೇಡವೇ ಬೇಡ. ಬೇರು, ಎಲೆಗೊಬ್ಬರ ಕೊಳೆತು ನೆಲ ಕುಸಿಯುತ್ತದೆ, ಗೆದ್ದಲೂ ಬರುತ್ತದೆ. ಹಳೇ ನೆಲದ ಮೇಲೆ ಸಣ್ಣ ಜಲ್ಲಿ, ಕ್ರಷರ್ ಪುಡಿ ಹಾಕಿ, ನೀರು ಚಿಮುಕಿಸಿ ರ‍್ಯಾಮರ್ ಹೊಡೆಸಿ. ಬಾಗಿಲ ಹತ್ತಿರ 2 ಇಂಚು, ಶಟರ್ ಹತ್ತಿರ 5. ಅದರ ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಶೀಟ್. ಜೋಡಣೆಯಲ್ಲಿ ಒಂದರ ಮೇಲೊಂದು ಅರ್ಧ ಅಡಿ ಬರಲಿ, ಅಂಚು ಗೋಡೆಗುಂಟ ಹೊಸ ನೆಲದ ಮಟ್ಟದವರೆಗೂ ಏರಲಿ. ಆಮೇಲೆ 3 ಇಂಚು ಕಾಂಕ್ರೀಟ್, ಟೈಲ್ಸ್‌ಗೆ 2.

ಶಟರ್ ತೆಗೆದ ಜಾಗದಲ್ಲಿ ಗೋಡೆಯನ್ನು ಸುಮ್ನೆ ಹಳೇ ನೆಲದ ಮೇಲೆ ಎಬ್ಬಿಸಬೇಡಿ. ಅಲ್ಲಿ ಪಾಯ ಇರುವುದಿಲ್ಲ, ಅಗೆದು ಹಾಕಿಸಿ. ಅದರ ಮುಂದೆ ಅಡ್ಡಕ್ಕೆ ಜಾಲರಿ ಮುಚ್ಚಿದ ಚರಂಡಿ ಬೇಕೇ ಬೇಕು.

ಉತ್ತರ (ಸೋಮವಾರಪೇಟೆ)

ಅಕ್ಕ, ಟಾಯ್ಲೆಟ್ ಮರೆಯಬೇಡಿ. ನಾವು ಅಪ್ಪನಿಗೆ ಇದೇ ಥರ ಕೋಣೆ ಮಾಡಿಸಿದೆವು. ನೆಲ ಎಷ್ಟು ಎತ್ತರ ಅಂತ ತೀರ್ಮಾನಿಸುವ ಮೊದಲು ಗುಂಡಿಗೆ ಪೈಪ್ ಸೇರುವ ಮಟ್ಟ ನೋಡಿ. 4 ಇಂಚಿನ ಪೈಪಿಗೆ 40 ಅಡಿಗೆ ಒಂದಡಿ ಇಳಿಜಾರು ಇದ್ದರೆ ಒಳ್ಳೆಯದು. ಗುಂಡಿ ಮನೆಯ ಮೇಲ್ಭಾಗದಲ್ಲಿದ್ದರೆ ಶೆಡ್ಡಿನಿಂದ ನೀರು ಹತ್ತುವುದಿಲ್ಲ ಅಲ್ವಾ? ಮೇಸ್ತ್ರಿ ಹತ್ತಿರ ಟ್ಯೂಬ್ ಲೆವೆಲ್ (ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಪೈಪ್) ಇರುತ್ತದೆ, ಎರಡೂ ತುದಿ ಹಿಡಿದು ನೀವೇ ನೋಡಿ. ನಮ್ಮಲ್ಲಿ ಟಾಯ್ಲೆಟ್ ನೆಲ ಮಾತ್ರ ಎತ್ತರಿಸೋಣ ಅಂದರು. ರಾತ್ರಿ ಅಪ್ಪ ಎಡವಿದರೆ? ನಾವು ಒಪ್ಪಲಿಲ್ಲ, ಪೈಪನ್ನೇ ಬೇರೆ ಕಡೆಯಿಂದ ತಿರುಗಿಸಿದೆವು.

ಮರದ ನೆಲ ಕಾಲಿಗೆ ಬೆಚ್ಚಗಿರುತ್ತದೆ, ನಿಜ. ಆದರೆ ಅಡಿಯಲ್ಲಿ ಗಾಳಿ ಆಡದಿದ್ದರೆ ನಮ್ಮ ಮಳೆಗೆ ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗುಂಡಿ ಶೆಡ್ಡಿಗಿಂತ ಕೆಳಗೇ ಇದೆ, ಸಮಾಧಾನ. ಒದ್ದೆ ಗೋಡೆಗೆ ಏನು ಮಾಡಲಿ? ಅದರ ಹೊರಗಡೆ ಬರೆಯ (ಗುಡ್ಡದ ಇಳಿಜಾರಿನ) ಮಣ್ಣು ತಾಗಿಕೊಂಡಿದೆ. ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಸಾಕಾ?

ಉತ್ತರ (ಕುಶಾಲನಗರ)

ಸಾಕಾಗುವುದಿಲ್ಲ ಮೇಡಂ. ನೀರು ಹೊರಗಿಂದ ತಳ್ಳುತ್ತಿರುವಾಗ ಪೇಂಟ್ ಉಬ್ಬಿ ಉದುರುತ್ತದೆ. ಮಣ್ಣು ಗೋಡೆಯಿಂದ ಬಿಡಬೇಕು. ಅದರ ಮಟ್ಟ ಹೊಸ ನೆಲಕ್ಕಿಂತ ಅರ್ಧ ಅಡಿಯಾದರೂ ಕೆಳಗಿರಬೇಕು, ನಡುವೆ ಚರಂಡಿ ಇರಬೇಕು. ಆದರೆ ಜೆಸಿಬಿ ತಂದು ಬರೆಯ ಬುಡವನ್ನು ನೆಟ್ಟಗೆ ಕತ್ತರಿಸಬೇಡಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದು ಏನಾಯಿತು ಅಂತ ನಿಮಗೇ ಗೊತ್ತು. ಮೊದಲು ಎಂಜಿನಿಯರ್‌ಗೆ ಜಾಗ ತೋರಿಸಿ, ತಡೆಗೋಡೆ ಬೇಕಾ ಕೇಳಿ.

ಆ ಕೆಲಸ ಪುತ್ತರಿ (ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ) ಕಳೆದ ಮೇಲೆ ಇಟ್ಟುಕೊಳ್ಳಿ, ಮಣ್ಣು ಒಣಗಿರುತ್ತದೆ. ಕಾಫಿ ಕುಯ್ಲು ಶುರುವಾದರೆ ಆಳು ಸಿಗುವುದು ಕಷ್ಟ, ಈಗಲೇ ಹೇಳಿಡಿ. ಗೋಡೆ ಒಣಗಿದ ಮೇಲೆ ನೆಲಕ್ಕೆ ಕೈ ಹಾಕಿ. ಕಾಂಕ್ರೀಟ್ ಆದ ಮೇಲೆ ಹೂಮಳೆಗೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಕಾಯಿರಿ. ಎರಡೂ ಚರಂಡಿಯ ನೀರು ಎಲ್ಲಿಗೆ ಹೋಗುತ್ತದೆ ಅಂತ ನಿಂತು ನೋಡಿ, ಟೈಲ್ಸ್ ಅದಾದ ಮೇಲೆ ಹಾಕಿಸಿ.