ಸ್ನೈಪರ್ ಅನ್ನೋ ಪದ ಎಲ್ಲಿಂದ ಬಂತು?

ಪ್ರಶ್ನೆ:
ಯುದ್ಧದ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಸ್ನೈಪರ್, ಶಾರ್ಪ್‌ಶೂಟರ್ ಎರಡೂ ಬರುತ್ತವೆ. ಸದ್ಯಕ್ಕೆ ಎರಡಕ್ಕೂ ‘ಗುರಿಕಾರ’ ಅಂತ ಬರೆದಿದ್ದೇನೆ, ಆದರೆ ಸಮಾಧಾನ ಇಲ್ಲ. ಶಾರ್ಪ್ಸ್ ಅನ್ನೋ ಬಂದೂಕಿನಿಂದಲೇ ಶಾರ್ಪ್‌ಶೂಟರ್ ಬಂತು ಅಂತಾರೆ, ನಿಜವಾ?

ಉತ್ತರ 1:
ಇಲ್ಲ. ಶಾರ್ಪ್ಸ್ ಬಂದೂಕಿಗೆ ಪೇಟೆಂಟ್ ಸಿಕ್ಕಿದ್ದು 1848ರಲ್ಲಿ. ಪದ ಅದಕ್ಕೂ ಎಷ್ಟೋ ವರ್ಷ ಮೊದಲೇ ಇತ್ತು. ಜರ್ಮನ್ನರ ‘ಶಾರ್ಫ್‌ಶ್ಯುಟ್ಸೆ’ಯನ್ನು ಇಂಗ್ಲಿಷಿನವರು ಹಾಗೇ ತಮ್ಮ ಮಾತಿಗೆ ಇಳಿಸಿಕೊಂಡರು. ಅಮೆರಿಕದ ಅಂತರ್ಯುದ್ಧದಲ್ಲಿ ಬರ್ಡನ್ ಅನ್ನೋ ಸೇನಾಧಿಕಾರಿಯ ಶಾರ್ಪ್‌ಶೂಟರ್ ಪಡೆಯ ಕೈಯಲ್ಲಿ ಶಾರ್ಪ್ಸ್ ಬಂದೂಕೇ ಇತ್ತು. ಗೊಂದಲ ಹುಟ್ಟಲು ಅಷ್ಟು ಸಾಕಲ್ವಾ?

ಉತ್ತರ 2:
ನಾನು ಹಕ್ಕಿ ನೋಡುವವನು, ಸ್ನೈಪರ್ ಬಗ್ಗೆ ಹೇಳದೆ ಇರಲಾರೆ. ಸ್ನೈಪ್ ಅಂದರೆ ಉಲ್ಲಂಕಿ. ಉದ್ದ ಕೊಕ್ಕು, ಮೈತುಂಬ ಒಣಹುಲ್ಲಿನ ಬಣ್ಣದ ಗೀರು. ಕೆಸರಿನ ಅಂಚಲ್ಲಿ ಕೂತರೆ ಎರಡು ಹೆಜ್ಜೆ ದೂರದಲ್ಲಿದ್ದರೂ ಕಾಣೋದಿಲ್ಲ. ಒಮ್ಮೆ ನಾನು ದುರ್ಬೀನು ಒರೆಸುತ್ತಾ ನಿಂತಿದ್ದೆ. ಕಾಲ ಬುಡದಿಂದಲೇ ‘ಸ್ಕ್ಯಾಪ್’ ಅಂತ ಕೂಗಿ ಎದ್ದಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹೊರಳಿ, ದುರ್ಬೀನು ಕಣ್ಣಿಗೇರುವಷ್ಟರಲ್ಲಿ ಮಾಯ. ಇದನ್ನು ಹೊಡೆದು ಬೀಳಿಸೋದು ಎಷ್ಟು ಕಷ್ಟ ಅಂತ ಆವತ್ತು ಗೊತ್ತಾಯಿತು.

1770ರ ದಶಕದಲ್ಲಿ ಇಂಡಿಯಾದಲ್ಲಿದ್ದ ಬ್ರಿಟಿಷ್ ಸೈನಿಕರು ಈ ಹಕ್ಕಿಯ ಬೇಟೆಗೆ ‘ಸ್ನೈಪಿಂಗ್’ ಅನ್ನುತ್ತಿದ್ದರು. ಅಡಗಿ ಕೂತು ಶತ್ರುವಿಗೆ ಗುಂಡು ಹಾರಿಸೋದಕ್ಕೂ ಆಮೇಲೆ ಅದೇ ಮಾತು ಬಂತು. ನನಗೆ ಆಶ್ಚರ್ಯ ಆಗೋದು ಇಲ್ಲೇ. ಬೇಟೆಯಲ್ಲಿ ಅಡಗಿ ಕೂರುತ್ತಿದ್ದದ್ದು ಹಕ್ಕಿ. ಯುದ್ಧದಲ್ಲಿ ಅಡಗಿ ಕೂತವನು ಹೊಡೆಯುವವನೇ ಆದ. ಹಾಗಾಗಿ ಬರೀ ‘ಗುರಿಕಾರ’ ಅಂದರೆ ಸ್ನೈಪರ್‌ನ ಅರ್ಧ ಅರ್ಥ ಬಿಟ್ಟುಹೋಗುತ್ತದೆ. ಹೊಂಚು ಹಾಕೋದು ಅದರಲ್ಲಿ ಬರಲೇಬೇಕು.

ಉತ್ತರ 3:
ಇನ್ನೊಂದು ಮಾತು. ಕರಾವಳಿ ಕಡೆ ಗುರಿಕಾರ ಅಂದರೆ ಸಮುದಾಯದ ಮುಖ್ಯಸ್ಥ. ಅಲ್ಲಿನ ಓದುಗರು ಒಂದು ಕ್ಷಣ ತಡವರಿಸಬಹುದು. ಶಾರ್ಪ್‌ಶೂಟರ್ ಅನ್ನೋದನ್ನು ಹಾಗೇ ಬಿಟ್ಟರೂ ತೊಂದರೆ ಇದೆ. ನಮ್ಮ ಸುದ್ದಿಗಳಲ್ಲಿ ಅದು ಸುಪಾರಿ ಹಂತಕರಿಗೇ ಜಾಸ್ತಿ ಬಳಕೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಶಾರ್ಪ್‌ಶೂಟರ್‌ಗೆ ‘ನುರಿತ ಗುರಿಗಾರ’, ಸ್ನೈಪರ್‌ಗೆ ‘ಹೊಂಚುಗುರಿಗಾರ’ ಅಂತ ಮಾಡುತ್ತೇನೆ. ಹಕ್ಕಿ ನೋಡುವವರೇ, ಉಲ್ಲಂಕಿ ಎದ್ದು ಹಾರೋದನ್ನು ನೋಡಬೇಕಲ್ಲ, ಯಾವ ತಿಂಗಳು ಒಳ್ಳೆಯದು?

ಉತ್ತರ 2:
ಚಳಿಗಾಲ. ಡಿಸೆಂಬರಲ್ಲಿ ಕೆಸರುಗದ್ದೆಯ ಅಂಚಲ್ಲಿ ನಿಧಾನ ನಡೆಯಿರಿ.