ಮಲಗುವ ಮುನ್ನ ನೋಡಬೇಕಾದ ಹತ್ತು ಚಿತ್ರಗಳು

ತಮ್ಮ: ಫಾರ್ವರ್ಡ್ ಆಗಿ ಬಂದದ್ದು: "ಈ ಹತ್ತು ಚಿತ್ರಗಳಲ್ಲಿ ಒಂದನ್ನು ನೋಡಿ ಮಲಗಿ, ಅದೇ ರಾತ್ರಿ ಕನಸು ನಿಮ್ಮ ಹತೋಟಿಗೆ ಬರುತ್ತದೆ."

ಭಾವ: ಓದಿ ನಗು ಬಂತು. ಲೂಸಿಡ್ ಡ್ರೀಮ್ ಎಂದರೆ, ತಾನು ಕಾಣುತ್ತಿರುವುದು ಕನಸೆಂದು ಕನಸಿನೊಳಗೇ ತಿಳಿಯುವುದು. ಹತೋಟಿ ಆಮೇಲಿನ ಮಾತು, ಎಷ್ಟೋ ಸಲ ಅದು ಸಿಕ್ಕುವುದೂ ಇಲ್ಲ. ಸಿನಿಮಾ ನೋಡಿದ ಮಾತ್ರಕ್ಕೆ ಆ ತಿಳಿವು ಮೂಡುವುದಾದರೆ, ಚಿತ್ರಮಂದಿರದಿಂದ ಹೊರಬಂದವರೆಲ್ಲ ಆ ರಾತ್ರಿ ಬೇಕೆಂದಲ್ಲಿ ಹಾರಾಡಬೇಕಿತ್ತು.

ತಮ್ಮ: ನೋಡಿದ್ದು ಕನಸಿಗೆ ಬರುವುದೇ ಇಲ್ಲವೆನ್ನುತ್ತೀರಾ? ನಿದ್ದೆಯ ಸಂಶೋಧಕ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೇಲಿಂದ ಬೀಳುವ ತುಣುಕುಗಳನ್ನು ಜೋಡಿಸುವ ಟೆಟ್ರಿಸ್ ಎಂಬ ವಿಡಿಯೊ ಆಟ ಆಡಿ ಮಲಗಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿದ್ದೆ ಹತ್ತುವ ಹೊತ್ತಿಗೆ ಬೀಳುವ ತುಣುಕುಗಳನ್ನು ಕಂಡಿದ್ದರು.

ಭಾವ: ಅದೇ ಪ್ರಯೋಗವನ್ನು ಪೂರ್ತಿ ಓದು. ಆಟ ಆಡಿದ ನೆನಪೇ ಉಳಿಯದಂಥ ಮರೆವಿನ ರೋಗಿಗಳೂ ಅದರಲ್ಲಿದ್ದರು. ಅವರಲ್ಲಿಯೂ ಕೆಲವರಿಗೆ ಅವೇ ತುಣುಕುಗಳು ಕಂಡವು. ಚಿತ್ರವೊಂದು ಮನಸ್ಸಿಗೆ ಇಳಿಯಲು ನಮ್ಮ ಅರಿವೇ ಬೇಡವೆಂದ ಮೇಲೆ, ಹಾಗೆ ಇಳಿದ ಚಿತ್ರ ಅರಿವನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆಂದು ಯಾವ ಧೈರ್ಯದಿಂದ ಹೇಳುತ್ತೀ?

ಅಕ್ಕ: ನನ್ನ ಅನುಭವ ಹೇಳುತ್ತೇನೆ. ಓದಲು ಕುಳಿತಾಗಲೆಲ್ಲ ಒಂದು ಸಾಲನ್ನು ಓದಿ, ಕಣ್ಣನ್ನು ಬೇರೆಡೆ ಹೊರಳಿಸಿ, ಮತ್ತೆ ಅದೇ ಸಾಲನ್ನು ಓದಿ, "ಇದು ಕನಸೇ?" ಎಂದು ಕೇಳಿಕೊಳ್ಳುವುದನ್ನು ರೂಢಿಸಿಕೊಂಡಿದ್ದೆ. ಮೂರನೆಯ ವಾರ ಒಂದು ಬೆಳಗಿನ ಜಾವ, ಕೈಯಲ್ಲಿದ್ದ ಪುಟದಲ್ಲಿ "ಬಾಗಿಲು ತೆರೆದಿತ್ತು" ಎಂದಿದ್ದದ್ದು ಎರಡನೆಯ ಓದಿಗೆ "ಬಾಗಿಲು ಬರೆದಿತ್ತು" ಎಂದಾಯಿತು. ಮೂರನೆಯ ಸಲ ನೋಡಿದರೆ ಅಕ್ಷರಗಳೆಲ್ಲ ಹೋಗಿ ಒತ್ತುಗಳಷ್ಟೇ ಸಾಲಾಗಿ ನಿಂತಿದ್ದವು. ಕನಸೆಂದು ತಿಳಿಯಿತು, ಆ ಸಂತೋಷಕ್ಕೇ ಎಚ್ಚರವೂ ಆಗಿಬಿಟ್ಟಿತು.

ತಮ್ಮ: ಹಾಗಾದರೆ ಪುಸ್ತಕ ಕೆಲಸ ಮಾಡಿತಲ್ಲ! ಸಿನಿಮಾಗಳಲ್ಲಿಯೂ ಇಂಥ ಪರೀಕ್ಷೆಗಳಿವೆ. 2001ರ ವೇಕಿಂಗ್ ಲೈಫ್‌ನಲ್ಲಿ ದೀಪದ ಸ್ವಿಚ್ (ಕನಸಾದರೆ ಒತ್ತಿದರೂ ಬೆಳಕು ಬದಲಾಗದು), 2010ರ ಇನ್ಸೆಪ್ಷನ್‌ನಲ್ಲಿ ಬುಗುರಿ (ಕನಸಾದರೆ ಬೀಳದೆ ತಿರುಗುತ್ತಲೇ ಇರುತ್ತದೆ).

ಅಕ್ಕ: ಕೆಲಸ ಮಾಡಿದ್ದು ಪುಸ್ತಕದ ಕಥೆಯಲ್ಲ, ಮೂರು ವಾರ ಬಿಡದೆ ಕೇಳಿದ ಪ್ರಶ್ನೆ. ಸ್ವಿಚ್ಚನ್ನು ಒಪ್ಪುತ್ತೇನೆ, ಏಕೆಂದರೆ ಅದರ ಮೇಲೆ ದಿನಕ್ಕೆ ಹತ್ತು ಸಲ ಕೈ ಹೋಗುತ್ತದೆ. ಬುಗುರಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವವರು ಯಾರಿದ್ದಾರೆ?

ಚಿಕ್ಕಪ್ಪ: ಇದು ಇಂದಿನ ಆಸೆಯಲ್ಲ. ಫ್ರಾನ್ಸಿನ ಎರ್ವೆ ದ ಸ್ಯಾಂ ದೆನಿ 1867ರಲ್ಲಿ ಪ್ರಕಟಿಸಿದ, ಕನಸುಗಳ ಕುರಿತ ಪುಸ್ತಕದಲ್ಲಿ ಇಂಥದೇ ಪ್ರಯೋಗವಿದೆ. ಇಬ್ಬರು ಮಹಿಳೆಯರಲ್ಲಿ ಒಬ್ಬೊಬ್ಬರೊಡನೆ ನರ್ತಿಸುವಾಗಲೂ ಅವರಿಗೆಂದೇ ಗೊತ್ತುಮಾಡಿದ ರಾಗವನ್ನು ವಾದ್ಯವೃಂದದಿಂದ ನುಡಿಸುವಂತೆ ಏರ್ಪಾಡು ಮಾಡಿಕೊಂಡು, ಆಮೇಲೆ ತಾನು ನಿದ್ದೆಯಲ್ಲಿರುವಾಗ ಸಂಗೀತದ ಪೆಟ್ಟಿಗೆ ಅವೇ ರಾಗಗಳನ್ನು ಹಾಡುವಂತೆ ಮಾಡಿದ; ರಾಗಕ್ಕೆ ತಕ್ಕ ಮಹಿಳೆ ಕನಸಿಗೆ ಬಂದಳೆಂದು ಬರೆದಿದ್ದಾನೆ. ಮಾಧ್ಯಮಕ್ಕೆ ಬಲವಿಲ್ಲವೆಂದು ತಳ್ಳಿಹಾಕಬೇಡಿ.

ಭಾವ: ರಾಗ ಮಹಿಳೆಯನ್ನು ಕರೆತಂದಿತು, ಅರಿವನ್ನಲ್ಲ. ಆತ ಹದಿಮೂರನೆಯ ವಯಸ್ಸಿನಿಂದಲೇ ಕನಸುಗಳನ್ನು ಬರೆದಿಡುತ್ತಿದ್ದ. ಅರಿವು ಬಂದದ್ದು ಆ ಅಭ್ಯಾಸದಿಂದ.

ಚಿಕ್ಕಪ್ಪ: ಅಷ್ಟು ಒಪ್ಪಿದೆ. ಆದರೆ ಈ ಫಾರ್ವರ್ಡಿನ ನಿಜವಾದ ತಪ್ಪು ಗಳಿಗೆಯದು. ಕಣ್ಣಾಲಿಗಳು ಚಲಿಸುವ, ಸ್ಪಷ್ಟವಾದ ಕನಸುಗಳು ಹೆಚ್ಚಾಗಿ ಬೀಳುವ ಆರ್‌ಇಎಂ ನಿದ್ದೆ ಸುಮಾರು 90 ನಿಮಿಷಕ್ಕೊಮ್ಮೆ ಬಂದರೂ, ಅದರ ದೀರ್ಘ ಸರದಿಗಳು ಬೆಳಗಿನ ಜಾವಕ್ಕೇ ಇರುವುದು. ರಾತ್ರಿ ಹತ್ತಕ್ಕೆ ನೋಡಿದ ಚಿತ್ರ ಐದು ಗಂಟೆಯ ಕನಸಿನವರೆಗೆ ಹಸಿಯಾಗಿರಬೇಕೆಂದರೆ ಹೇಗೆ? ಲೂಸಿಡ್ ಡ್ರೀಮ್ ಸಂಶೋಧಕ ಸ್ಟೀಫನ್ ಲಬರ್ಜ್ ಹೇಳುವಂತೆ, ಕನಸಿನಿಂದ ಎಚ್ಚರವಾದಾಗ ಆ ಕನಸನ್ನೇ ನೆನೆದು, "ಮುಂದಿನ ಸಲ ಕನಸೆಂದು ಗುರುತಿಸುತ್ತೇನೆ" ಎಂದುಕೊಂಡು ಮತ್ತೆ ನಿದ್ದೆಗೆ ಜಾರಬೇಕು. ಆ ನಡುವೆ ಎರಡು ಪುಟ ಓದುವುದು ಹತ್ತು ಚಿತ್ರಗಳಿಗಿಂತ ಮೇಲು.

ಅತ್ತೆ: ದಿನವೂ ಹೀಗೆ ನಿದ್ದೆ ಕೆಡಿಸಿಕೊಳ್ಳಬೇಡಿ, ವಾರಕ್ಕೊಮ್ಮೆ ಸಾಕು.

ತಮ್ಮ: ಪಟ್ಟಿಯಲ್ಲಿ ಒಂಬತ್ತನ್ನು ಬಿಟ್ಟು, ಸ್ವಿಚ್ ಇರುವ ಒಂದನ್ನು ಉಳಿಸಿಕೊಂಡಿದ್ದೇನೆ. ಈಗಷ್ಟೇ ಎದ್ದು ದೀಪ ಆರಿಸಿ ಹಚ್ಚಿದೆ, ಸರಿಯಾಗಿಯೇ ಹತ್ತಿತು.

ಭಾವ: ಇನ್ನೊಮ್ಮೆ ಹಚ್ಚಿ ನೋಡು.